ಸ್ಟೋನ್‌ವಾಲ್, ಸುಪ್ರೀಂ ಕೋರ್ಟ್ ಎಲ್ಲಾ ಸರಿ, ನಮ್ಮ ಕಡೆ ಏನು ನಡೀತು? ಸಲಿಂಗಿ ಹಕ್ಕುಗಳ ಇತಿಹಾಸ ಗೊತ್ತಿದ್ದವರು ಹೇಳಿ

ಕುಂದಾಪ್ರಿಯ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾನು ಕಾನೂನು ಓದುತ್ತಿದ್ದೇನೆ. ಕಾಲೇಜಿನ ವಿಚಾರಗೋಷ್ಠಿಯಲ್ಲಿ ಸಲಿಂಗಿ ಹಕ್ಕುಗಳ ಚಳವಳಿಯ ಬಗ್ಗೆ ಮಾತಾಡಬೇಕು. ಓದಿದ ಕಡೆಯೆಲ್ಲ ಒಂದೇ ಕಥೆ. 1969ರ ಜೂನ್ 28ರಂದು ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನ ಮೇಲೆ ಪೊಲೀಸ್ ದಾಳಿ ಆಯಿತು, ಗಿರಾಕಿಗಳು ತಿರುಗಿಬಿದ್ದರು, ಮರುವರ್ಷ ಅದೇ ದಿನ ಮೆರವಣಿಗೆ. ಅಲ್ಲಿಂದ ಒಂದೇ ನೆಗೆತಕ್ಕೆ 2018ರ ಸೆಪ್ಟೆಂಬರ್ 6, ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಂ ಬಿತ್ತು, ಚಪ್ಪಾಳೆ. ನಡುವಿನ ವರ್ಷಗಳು ಎಲ್ಲಿ ಹೋದವು? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಏನೂ ನಡೆದೇ ಇಲ್ವಾ? ಮನೆಯಲ್ಲಿ ಅಪ್ಪ "ಇದೆಲ್ಲ ಹೊರದೇಶದಿಂದ ಬಂದ ಚಟ" ಅಂದರು. ಅವರಿಗೆ ಏನು ಹೇಳಲಿ?

ಹಳೇ ಕರಿಕೋಟು, ಬೆಳಗಾವಿ

ತಮ್ಮಾ, ಅಪ್ಪಾಜಿಗೆ ಹೇಳು, ಹೊರದೇಶದಿಂದ ಬಂದದ್ದು ಕಾನೂನು. ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ 1533ರಲ್ಲಿ ಮಾಡಿಸಿದ ಶಾಸನ ಇದಕ್ಕೆ ಮೂಲ. ಮೆಕಾಲೆ ಕರಡು ಬರೆದದ್ದು 1837ರಲ್ಲಿ, ದಂಡ ಸಂಹಿತೆ ಪಾಸಾದದ್ದು 1860ರಲ್ಲಿ, ಜಾರಿಯಾದದ್ದು 1862ರ ಜನವರಿ 1ರಂದು. ನಮ್ಮ ಈ ಭಾಗದ ಬಹುಪಾಲು ಆಗ ಮುಂಬೈ ಪ್ರಾಂತ್ಯ. ಜಮಖಂಡಿ, ಮುಧೋಳ, ರಾಮದುರ್ಗದಂಥ ಸಂಸ್ಥಾನಗಳನ್ನು ಬಿಟ್ಟರೆ ಉಳಿದ ಕಡೆ ಬ್ರಿಟಿಷರದೇ ನೇರ ಆಳ್ವಿಕೆ. "ಪ್ರಕೃತಿ ನಿಯಮಕ್ಕೆ ವಿರುದ್ಧ" ಅಂತ ಒಂದು ಮಾತು, ಅದಕ್ಕೆ ಜೀವಾವಧಿವರೆಗೂ ಶಿಕ್ಷೆ. ಇಬ್ಬರೂ ಒಪ್ಪಿದ್ದರೋ ಇಲ್ಲವೋ ಅನ್ನೋ ಪ್ರಶ್ನೆಯೇ ಅದರಲ್ಲಿ ಇರಲಿಲ್ಲ.

ತಮಾಷೆ ನೋಡು. ಆ ಕಾನೂನು ಕೊಟ್ಟವರೇ 1957ರಲ್ಲಿ ವುಲ್ಫೆಂಡನ್ ಸಮಿತಿ ವರದಿ ಬರೆಸಿಕೊಂಡು 1967ರಲ್ಲಿ ಇಂಗ್ಲೆಂಡ್, ವೇಲ್ಸ್‌ನಲ್ಲಿ ಸಡಿಲಿಸಿಕೊಂಡರು. ನಾವು ಇನ್ನೂ 51 ವರ್ಷ ಜೋಪಾನ ಮಾಡಿದೆವು.

ಇನ್ನೊಂದು ಮಾತು. ಚಳವಳಿ ಸ್ಟೋನ್‌ವಾಲ್‌ನಿಂದ ಶುರುವಾಯಿತು ಅಂತ ಹೇಳಬೇಡ, ಪ್ರಶ್ನೆ ಕೇಳಿದರೆ ಸಿಕ್ಕಿಬೀಳ್ತೀಯ. ಬರ್ಲಿನ್‌ನಲ್ಲಿ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಅನ್ನೋ ವೈದ್ಯರು 1897ರಲ್ಲೇ ಸಂಘ ಕಟ್ಟಿ, ಜರ್ಮನಿಯ ಇಂಥದ್ದೇ 175ನೇ ಕಲಂ ತೆಗೆಯಿರಿ ಅಂತ ಸಹಿ ಸಂಗ್ರಹಿಸಿದ್ದರು. 1933ರ ಮೇ ತಿಂಗಳಲ್ಲಿ ನಾಜಿ ವಿದ್ಯಾರ್ಥಿಗಳು ಅವರ ಸಂಸ್ಥೆಗೆ ನುಗ್ಗಿ ಪುಸ್ತಕಗಳನ್ನು ಒಯ್ದು ಸುಟ್ಟರು. ಆ ಕಲಂ ಪೂರ್ತಿ ಹೋದದ್ದು 1994ರಲ್ಲಿ.

ಶೇಂಗಾ ಹೋಳಿಗೆ, ಅಥಣಿ

ವಕೀಲ ಸಾಹೇಬರೇ, ಒಂದು ಪ್ರಶ್ನೆ. ಸಿಟ್ಟಾಗಬೇಡಿ. 150 ವರ್ಷಕ್ಕೂ ಹೆಚ್ಚು ಕಾಲದಲ್ಲಿ ಈ ಕಲಂ ಕೆಳಗೆ ವಿಚಾರಣೆ ಆದವರು 200ಕ್ಕಿಂತ ಕಡಿಮೆ ಅಂತ 2013ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತಲ್ಲ. ಇಷ್ಟು ದೊಡ್ಡ ದೇಶದಲ್ಲಿ ಇನ್ನೂರು ಜನ. ಅದಕ್ಕೆ ಇಷ್ಟು ದೊಡ್ಡ ಹೋರಾಟ ಬೇಕಿತ್ತಾ? ನಮ್ಮ ಕಡೆ ಯಾರೂ ಯಾರನ್ನೂ ಜೈಲಿಗೆ ಕಳಿಸಿದ್ದು ನಾನಂತೂ ಕೇಳಿಲ್ಲ.

ಗುಮ್ಮಟದ ಹಿಂದೆ, ವಿಜಯಪುರ

ಸರ, ನೀವು ಕೇಳಿರೋದಿಲ್ಲ. ನಾವು ಹೇಳಿದ್ದರೆ ತಾನೆ ನೀವು ಕೇಳೋದು.

ನನ್ನದೇ ಹೇಳ್ತೇನೆ. ತೊಂಬತ್ತರ ದಶಕದ ಕೊನೆ, ಆಗಿನ್ನೂ ಬಿಜಾಪುರ. ನನಗೆ ಇಪ್ಪತ್ತರ ಆಸುಪಾಸು. ರಾತ್ರಿ ಒಂದು ಮೈದಾನದ ಕಡೆ ಇನ್ನೊಬ್ಬನ ಜೊತೆ ಮಾತಾಡುತ್ತ ಕೂತಿದ್ದೆ. ಬರೀ ಮಾತು. ಖಾಕಿ ಪ್ಯಾಂಟಿನ ಒಬ್ಬಾತ ಬಂದ. ನಿಜವಾಗಲೂ ಪೊಲೀಸನೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ. "377 ಗೊತ್ತೇನು, ಹತ್ತು ವರ್ಷ ಒಳಗೆ" ಅಂದ. ಆ ನಂಬರ್ ನಾನು ಮೊದಲ ಸಲ ಕೇಳಿದ್ದು ಅವನ ಬಾಯಲ್ಲಿ. ಜೇಬಿನಲ್ಲಿದ್ದ ದುಡ್ಡು ತಗೊಂಡ, ಅಪ್ಪ ಕೊಡಿಸಿದ್ದ ವಾಚು ತಗೊಂಡ. ಆಮೇಲೆ ಮನೆ ಎಲ್ಲಿ, ಅಪ್ಪನ ಅಂಗಡಿ ಯಾವುದು ಅಂತ ಕೇಳಿಕೊಂಡ. ಜೈಲಿಗಿಂತ ಅದಕ್ಕೇ ಜಾಸ್ತಿ ಹೆದರಿದ್ದು. ಮುಂದೆ ತಿಂಗಳುಗಟ್ಟಲೆ ಅಂಗಡಿ ಹತ್ತಿರ ಬಂದು ನಿಲ್ಲುತ್ತಿದ್ದ. ಕೊಡುತ್ತಿದ್ದೆ.

ಇದು ನಿಮ್ಮ ಇನ್ನೂರರ ಲೆಕ್ಕದಲ್ಲಿ ಬರುತ್ತಾ? ಕೇಸು ಹಾಕಿದರೆ ಅವನಿಗೆ ದುಡ್ಡು ಬರುವುದು ನಿಂತುಹೋಗುತ್ತಿತ್ತು. ಅದಕ್ಕೇ ಕೇಸು ಇಲ್ಲ.

ಕರದಂಟು, ಗೋಕಾಕ

ಅಣ್ಣಾ, ಓದಿ ಏನು ಬರೆಯಬೇಕು ಅಂತ ತಿಳೀಲಿಲ್ಲ.

ನಿರ್ವಾಹಕರು

ದಯವಿಟ್ಟು ಗಮನಿಸಿ. ಯಾರ ನಿಜ ಹೆಸರು, ಫೋಟೊ, ಮೊಬೈಲ್ ನಂಬರ್ ಇಲ್ಲಿ ಹಾಕಬೇಡಿ. "ಯಾವ ಏರಿಯಾ, ಯಾವ ಅಂಗಡಿ" ಅಂತ ಕೇಳಿದ ಒಂದು ಕಾಮೆಂಟ್ ತೆಗೆದಿದ್ದೇವೆ.

ಘಟಪ್ರಭಾ ದಂಡೆ, ಬಾಗಲಕೋಟೆ

ಕುಂದಾಪ್ರಿಯ ತಮ್ಮಾ, ನಮ್ಮ ಕಡೆ ಏನೂ ನಡೆದಿಲ್ವಾ ಅಂತ ಕೇಳಿದೆಯಲ್ಲ. ನಡೆದಿದೆ. ಆದರೆ ಅದು ಹಕ್ಕು ಅನ್ನೋ ಹೆಸರಲ್ಲಿ ಬರಲಿಲ್ಲ. ಏಡ್ಸ್ ಅನ್ನೋ ಹೆಸರಲ್ಲಿ ಬಂತು.

2000ದ ನಂತರದ ವರ್ಷಗಳು. ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರೂ ಎಚ್‌ಐವಿ ಜಾಸ್ತಿ ಇದ್ದ ಜಿಲ್ಲೆಗಳು. 2003ರಲ್ಲಿ ಗೇಟ್ಸ್ ಫೌಂಡೇಶನ್ನಿನ ಆವಾಹನ್ ಯೋಜನೆ ಶುರುವಾಯಿತು, ಕರ್ನಾಟಕ ಅದರಲ್ಲಿತ್ತು. ಸರ್ಕಾರದ ಯೋಜನೆಗಳೂ ಬಂದವು. ನಾನು ಆಗ ಕ್ಷೇತ್ರ ಕಾರ್ಯಕರ್ತೆ. ಮೊದಲು ನಮ್ಮ ಕೆಲಸ ದಂಧೆ ಮಾಡುವ ಹೆಣ್ಣುಮಕ್ಕಳ ಜೊತೆ, ಲಾರಿ ಡ್ರೈವರ್‌ಗಳ ಜೊತೆ. ಆಮೇಲೆ "ಎಂಎಸ್‌ಎಂ" ಅಂತ ಇನ್ನೊಂದು ಕಾಲಂ ಬಂತು, ಗಂಡಸರ ಜೊತೆ ಸಂಬಂಧ ಇಟ್ಟುಕೊಳ್ಳುವ ಗಂಡಸರು. ಮೀಟಿಂಗಿನಲ್ಲಿ ಸಾಹೇಬರೊಬ್ಬರು "ಇಂಥವರು ನಮ್ಮ ಜಿಲ್ಲೆಯಲ್ಲಿ ಇಲ್ಲ" ಅಂದಿದ್ದರು. ಪಟ್ಟಿ ಮಾಡೋಕೆ ಹೊರಟೆವು. ಪಿಯರ್ ಎಜುಕೇಟರ್, ಅಂದರೆ ತನ್ನಂಥವರಿಗೇ ತಿಳಿವಳಿಕೆ ಹೇಳುವವನಾಗಿ ಒಬ್ಬ ಹುಡುಗ ಸಿಕ್ಕಿದ, ಅವನಿಂದ ಅವನ ಸ್ನೇಹಿತರು, ಅವರಿಂದ ಇನ್ನಷ್ಟು ಮಂದಿ. ಟೇಲರ್‌ಗಳು, ಮಾಸ್ತರರು, ಹೋಟೆಲ್ ಮಾಣಿಗಳು, ನೇಕಾರರು, ಮನೆ ತುಂಬ ಮಕ್ಕಳಿದ್ದ ಗೌಡರು.

ಒಂದು ಬಾಡಿಗೆ ಕೋಣೆಯಲ್ಲಿ ಡ್ರಾಪ್ ಇನ್ ಸೆಂಟರ್ ಇತ್ತು. ಚಾಪೆ, ಕನ್ನಡಿ, ಟೀವಿ, ಚಹಾ. ಭಾನುವಾರ ಬಂದು ಕೂರುವರು. ಕೆಲವರು ಕಾಂಡೋಮ್ ಬೇಕು ಅಂತ ಬರುತ್ತಿರಲೇ ಇಲ್ಲ, ಆ ಕನ್ನಡಿ ಮುಂದೆ ಹತ್ತು ನಿಮಿಷ ಇಷ್ಟ ಬಂದ ಹಾಗೆ ನಿಲ್ಲೋಕೆ ಬರುತ್ತಿದ್ದರು. ರಿಜಿಸ್ಟರಿನಲ್ಲಿ ಅದನ್ನು ಬರೆಯೋಕೆ ಕಾಲಂ ಇರಲಿಲ್ಲ. "ಕೌನ್ಸೆಲಿಂಗ್" ಅಂತ ಬರೆಯುತ್ತಿದ್ದೆವು.

ಕಾನೂನು ನಮಗೂ ತಟ್ಟಿತ್ತು. 2001ರ ಜುಲೈನಲ್ಲಿ ಲಖನೌದಲ್ಲಿ ಇದೇ ಕೆಲಸ ಮಾಡುತ್ತಿದ್ದ ನಾಲ್ವರನ್ನು 377 ಹಾಕಿ ಒಂದೂವರೆ ತಿಂಗಳು ಜೈಲಿನಲ್ಲಿ ಇಟ್ಟಿದ್ದರು. ತರಬೇತಿಯಲ್ಲಿ ಆ ಕಥೆ ಹೇಳಿ, ಚೀಲದಲ್ಲಿ ಗುರುತಿನ ಚೀಟಿ ಯಾವಾಗಲೂ ಇರಲಿ ಅನ್ನುತ್ತಿದ್ದರು. ಒಂದು ಇಲಾಖೆ ಕಾಂಡೋಮ್ ಹಂಚು ಅನ್ನುತ್ತೆ, ಇನ್ನೊಂದು ಇಲಾಖೆ ಹಂಚಿದ್ದಕ್ಕೆ ಹಿಡಿಯುತ್ತೆ.

ಹಳೇ ಕರಿಕೋಟು, ಬೆಳಗಾವಿ

ಅಕ್ಕಾರು ಹೇಳಿದ್ದು ಕೋರ್ಟ್ ಕಡತದಲ್ಲೂ ಇದೆ. ದೆಹಲಿ ಹೈಕೋರ್ಟಿನಲ್ಲಿ 377 ಪ್ರಶ್ನಿಸಿ ನಾಜ್ ಫೌಂಡೇಶನ್ ಸಂಸ್ಥೆ ಹಾಕಿದ ಕೇಸು ನಡೆಯುವಾಗ ಒಂದೇ ಕೇಂದ್ರ ಸರ್ಕಾರ ಎರಡು ಪ್ರಮಾಣಪತ್ರ ಹಾಕಿತು. ಗೃಹ ಇಲಾಖೆ "377 ಇರಲೇಬೇಕು" ಅಂತು. ಆರೋಗ್ಯ ಇಲಾಖೆ ಕೆಳಗಿನ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ನ್ಯಾಕೋ, "ಇದರಿಂದ ಜನ ಹೆದರಿ ಅಡಗುತ್ತಾರೆ, ಎಚ್‌ಐವಿ ತಡೆಯೋಕೆ ಆಗಲ್ಲ" ಅಂತು. ತಮ್ಮಾ, ಇದನ್ನು ನಿನ್ನ ಭಾಷಣದಲ್ಲಿ ಹಾಕು.

ನಡುವಿನ ವರ್ಷಗಳನ್ನು ಬೇಗ ಹೇಳಿಬಿಡ್ತೇನೆ. 1990ರಲ್ಲಿ ಮುಂಬೈನಲ್ಲಿ ಅಶೋಕ್ ರಾವ್ ಕವಿ ಸಲಿಂಗಿಗಳಿಗಾಗಿ ಪತ್ರಿಕೆ ಶುರು ಮಾಡಿದರು. 1992ರ ಆಗಸ್ಟ್ 11ರಂದು ದೆಹಲಿ ಪೊಲೀಸ್ ಕೇಂದ್ರ ಕಚೇರಿ ಎದುರು ಪ್ರತಿಭಟನೆ. ಪಾರ್ಕಿನಲ್ಲಿದ್ದ ಗಂಡಸರನ್ನು ಹಿಡಿದು ಒಯ್ಯುತ್ತಿದ್ದುದರ ವಿರುದ್ಧ ಏಡ್ಸ್ ಭೇದಭಾವ ವಿರೋಧಿ ಆಂದೋಲನದವರು ಮಾಡಿದ್ದು. ಇಂಥದ್ದು ದೇಶದಲ್ಲಿ ಅದೇ ಮೊದಲು ಅಂತ ಲೆಕ್ಕ. ತಿಹಾರ್ ಜೈಲಿನಲ್ಲಿ ಕಾಂಡೋಮ್ ಕೊಡಲು ಒಪ್ಪದಿದ್ದಾಗ 1994ರಲ್ಲಿ ಅವರೇ 377 ಪ್ರಶ್ನಿಸಿ ಕೋರ್ಟಿಗೆ ಹೋದರು. ಆ ಅರ್ಜಿ ವರ್ಷಗಟ್ಟಲೆ ಕೊಳೆಯಿತು. 2001ರಲ್ಲಿ ನಾಜ್‌ನವರ ಅರ್ಜಿ. 2004ರಲ್ಲಿ ಅದೂ ವಜಾ, 2006ರಲ್ಲಿ ಸುಪ್ರೀಂ ಕೋರ್ಟ್ "ಮತ್ತೆ ಕೇಳಿ" ಅಂತ ವಾಪಸ್ ಕಳಿಸಿತು. 2009ರ ಜುಲೈ 2ರಂದು ನ್ಯಾಯಮೂರ್ತಿ ಎ.ಪಿ. ಶಾ ಮತ್ತು ಎಸ್. ಮುರಳೀಧರ್ ತೀರ್ಪು ಕೊಟ್ಟರು. ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸುವ ಸಂಬಂಧ ಅಪರಾಧ ಅಲ್ಲ ಅಂತ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು.

ಗುಮ್ಮಟದ ಹಿಂದೆ, ವಿಜಯಪುರ

2009ರಿಂದ 2013. ನಾಲ್ಕೂವರೆ ವರ್ಷ ನಾವು ಅಪರಾಧಿಗಳಲ್ಲ. ಒಂದು ಬುಧವಾರ ಮತ್ತೆ ಅಪರಾಧಿಗಳು. ಟೀವಿಯಲ್ಲಿ ಅದೇ ಸುದ್ದಿ ಓಡುತ್ತಿತ್ತು, ಮನೆಯವರೆಲ್ಲ ಕೂತು ಊಟ ಮಾಡುತ್ತಿದ್ದೆವು. ಮಾವ ಚಾನೆಲ್ ಬದಲಿಸಿದರು.

ಶೇಂಗಾ ಹೋಳಿಗೆ, ಅಥಣಿ

ಮಾವ ಅಂದರೆ? ನಿಮಗೆ ಮದುವೆ ಆಗಿದೆಯಾ?

ಗುಮ್ಮಟದ ಹಿಂದೆ, ವಿಜಯಪುರ

ಅಕ್ಕನ ಮಾವನವರು. ನನಗೆ ಆಗಿಲ್ಲ. ಎರಡು ಸಲ ಹೆಣ್ಣು ನೋಡೋಕೆ ಕರೆದುಕೊಂಡು ಹೋದರು, ಅವಲಕ್ಕಿ ತಿಂದು ಬಂದೆ. ಮೂರನೇ ಸಲ ಹೋಗಲಿಲ್ಲ.

ಶೇಂಗಾ ಹೋಳಿಗೆ, ಅಥಣಿ

ಬಿಡಿ, ನೀವು ಒಳ್ಳೆಯದೇ ಮಾಡಿದಿರಿ. ನನಗೆ ಇಬ್ಬರು ಹೆಣ್ಣುಮಕ್ಕಳು. ನನ್ನ ತಕರಾರು ಅದೇ. ಈ ಹಕ್ಕು ಹಕ್ಕು ಅನ್ನೋ ಗಂಡಸರು ಮನೆಯವರ ಮಾತಿಗೆ ಮದುವೆ ಆಗಿಬಿಡುತ್ತಾರೆ. ಆ ಹುಡುಗಿಯ ಹಕ್ಕು ಎಲ್ಲಿ ಹೋಯ್ತು? ಅದರ ಬಗ್ಗೆ ಯಾವ ಚಳವಳಿ ಮಾತಾಡಿದೆ?

ಘಟಪ್ರಭಾ ದಂಡೆ, ಬಾಗಲಕೋಟೆ

ಕಾಕಾ, ಈ ಪ್ರಶ್ನೆಗೆ ನಾನು ಕೈ ಮುಗೀತೇನೆ. ಗರ್ಭಿಣಿ ಅಂತ ತಪಾಸಣೆಗೆ ಬಂದು, ಐಸಿಟಿಸಿ ಅನ್ನೋ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ರಕ್ತ ಕೊಟ್ಟು, ಆಮೇಲೆ ಎಚ್‌ಐವಿ ಅಂತ ತಿಳಿದ ಹುಡುಗಿಯರ ಪಕ್ಕದಲ್ಲಿ ನಾನು ಕೂತಿದ್ದೇನೆ. ಗಂಡನಿಗೆ ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿಲ್ಲ, ಹೇಳುವ ಅಧಿಕಾರ ನನಗಿಲ್ಲ. ಅತ್ತೆ ಅವಳನ್ನೇ "ಕಾಲಗುಣ" ಅಂದಿದ್ದಾಳೆ.

ಆದರೆ ಆ ಮದುವೆ ಮಾಡಿಸಿದ್ದು ಯಾರು? ನಮ್ಮ ಸೆಂಟರಿಗೆ ಬರುತ್ತಿದ್ದ ಹುಡುಗರಲ್ಲಿ ಎಷ್ಟೋ ಜನ ಮನೆಯಲ್ಲಿ "ಬೇಡ" ಅಂದಿದ್ದರು. ಕಾರಣ ಹೇಳೋ ಹಾಗಿಲ್ಲ. ಹೇಳಿದರೆ ಹೊಡೆತ, ಇಲ್ಲ ದೇವರಿಗೆ ಹರಕೆ, ಇಲ್ಲ "ಮದುವೆ ಆದರೆ ಸರಿ ಹೋಗ್ತಾನೆ". ಬೇಡ ಅನ್ನೋ ಹಕ್ಕು ಅವನಿಗೆ ಸಿಕ್ಕಿದ್ದರೆ ಆ ಹುಡುಗಿ ಬಚಾವಾಗುತ್ತಿದ್ದಳು.

ಕರದಂಟು, ಗೋಕಾಕ

ನನಗನ್ನಿಸೋದು, ನಮ್ಮ ಕಡೆ ಹಿಂದಿನಿಂದ ಒಪ್ಪಿಕೊಂಡೇ ಬಂದಿದ್ದೇವೆ. ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರನ್ನು ನೋಡಿ, ಗಂಡಾಗಿ ಹುಟ್ಟಿ ದೇವಿಗೆ ಮುಡಿಪಾದವರು. ಸೀರೆ ಉಟ್ಟು, ದೇವಿಯ ಮೂರ್ತಿ ಇರುವ ಜಗ ಹೊತ್ತು ಬಂದರೆ ಊರೇ ಕಾಲಿಗೆ ಬೀಳುತ್ತೆ. ಬೆಂಗಳೂರಿನವರು ಈಗ ಮೆರವಣಿಗೆ ಮಾಡ್ತಾರೆ, ನಮ್ಮ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಾವಾಗಿಂದಲೋ ನಡೀತಿದೆ.

ಚೌಡಿಕೆ ದನಿ, ಸವದತ್ತಿ

ತಮ್ಮಾ ಕರದಂಟು, ಇದನ್ನು ಬಹಳ ಮಂದಿ ಹೇಳುತ್ತಾರೆ, ಗುಡ್ಡದ ಕೆಳಗೆ ಬೆಳೆದ ನನಗೆ ಕೇಳಿ ಕೇಳಿ ಸಾಕಾಗಿದೆ. ಜೋಗಪ್ಪನಿಗೆ ಊರು ಕಾಲಿಗೆ ಬೀಳೋದು ಮಂಗಳವಾರ, ಶುಕ್ರವಾರ. ದೇವಿಯ ಬುಟ್ಟಿ, ಪಡಲಿಗೆ, ತಲೆ ಮೇಲೆ ಇರೋವರೆಗೆ. ಬುಧವಾರ ಅದೇ ಮನುಷ್ಯ ಬಾಡಿಗೆ ಮನೆ ಕೇಳಿದರೆ ಸಿಗಲ್ಲ, ಕೆಲಸ ಕೇಳಿದರೆ ಸಿಗಲ್ಲ. ದೇವಿ ಮೈಮೇಲೆ ಬಂದಿದ್ದಾಳೆ ಅಂತ ಮನೆಯವರೂ ಒಪ್ಪುತ್ತಾರೆ. ದೇವಿಯ ಹೆಸರಿಲ್ಲದೆ "ನಾನೇ ಹೀಗೆ" ಅಂದರೆ ಒಪ್ಪುತ್ತಾರಾ?

ಇನ್ನೊಂದು. ಜೋಗಪ್ಪ, ಹಿಜಡಾ, ಗೇ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಜೋಗಪ್ಪನಿಗೆ ದೇವಿಗೆ ಬಿಟ್ಟ ಗುರುತಾಗಿ ಮುತ್ತು ಕಟ್ಟಿರುತ್ತಾರೆ, ಅದು ಒಂದು ಸಂಪ್ರದಾಯ, ಅದಕ್ಕೆ ಅದರದೇ ನಿಯಮ ಇದೆ. ವಿಜಯಪುರದ ಅಣ್ಣ ಪ್ಯಾಂಟು ಶರ್ಟು ಹಾಕುವ ಗಂಡಸು, ಗಂಡಸಾಗಿಯೇ ಇರಬೇಕು ಅನ್ನುವವರು. ಅವರಿಗೆ ಗುಡ್ಡದಲ್ಲಿ ಯಾವ ಜಾಗ ಇದೆ? ಏನೂ ಇಲ್ಲ.

ಹೌದು, ಹೆಮ್ಮೆ ಪಡುವ ವಿಷಯವೂ ಇದೆ. ಬಳ್ಳಾರಿ ಕಡೆಯ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಆದರೆ ಸರ್ಕಾರವೇ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಅಂತ ಸೇರಿಸಿ, ಹಿಜಡಾ ಸಮುದಾಯದವರ ಹೆಸರು ಬರೆದಿಟ್ಟುಕೊಂಡು ನಿಗಾ ಇಡಿ ಅಂತ ಪೊಲೀಸರಿಗೆ ಅಧಿಕಾರ ಕೊಟ್ಟಿತ್ತು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಎರಡನೇ ಭಾಗ ಓದಿ ನೋಡಿ, ಅದೇ ಧಾಟಿ. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆಯವರು ಹೈಕೋರ್ಟಿಗೆ ಹೋದ ಮೇಲೆ ಆ ಕಲಂನಿಂದ ಅವರನ್ನು ಕರೆದ ಪದ ತೆಗೆದರು.

ಬಾಡಿಗೆ ಮನೆ, ಬೆಂಗಳೂರು (ಊರು ಜಮಖಂಡಿ)

ನಾನು ಓಡಿಹೋದವರ ಗುಂಪು. ಓದೋಕೆ ಅಂತ ಬೆಂಗಳೂರಿಗೆ ಬಂದೆ, ವಾಪಸ್ ಹೋಗಲಿಲ್ಲ. ಇಲ್ಲಿ 1994ರಿಂದ ಗುಡ್ ಆ್ಯಸ್ ಯು ಅನ್ನೋ ಸಲಿಂಗಿಗಳ ಗುಂಪು ಸೇರುತ್ತಿತ್ತು. 1999ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ ಸಂಗಮ ಸಂಸ್ಥೆ ಶುರುವಾಯಿತು. 2001ರಲ್ಲಿ ಮಾನವ ಹಕ್ಕು ಸಂಘಟನೆ ಪಿಯುಸಿಎಲ್ ಕರ್ನಾಟಕದವರು ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಬಗ್ಗೆ ವರದಿ ತಂದರು, ಅದರಲ್ಲಿ ವಿಜಯಪುರದ ಅಣ್ಣ ಹೇಳಿದಂಥ ಸುಲಿಗೆಯೇ ಮುಖ್ಯ ವಿಷಯ. 2008ರ ಜೂನ್‌ನಲ್ಲಿ ದೆಹಲಿ, ಕೋಲ್ಕತ್ತ, ಬೆಂಗಳೂರು ಮೂರೂ ಕಡೆ ಒಂದೇ ದಿನ ಮೆರವಣಿಗೆ ಆಯ್ತು. ಮುಖವಾಡ ಹಾಕಿಕೊಂಡು ನಡೆದವರಲ್ಲಿ ನಾನೂ ಒಬ್ಬ. ಊರಿನವರು ಯಾರಾದರೂ ಟೀವಿಯಲ್ಲಿ ನೋಡಿದರೆ ಅಂತ.

ತಮ್ಮಾ, ಅಪ್ಪನಿಗೆ ಇನ್ನೊಂದು ಹೇಳು. ಗಣಿತದ ಶಕುಂತಲಾದೇವಿ ಗೊತ್ತಲ್ಲ, ಬೆಂಗಳೂರಿನಲ್ಲಿ ಹುಟ್ಟಿದವರು. 1977ರಲ್ಲೇ ಸಲಿಂಗಿಗಳ ಬಗ್ಗೆ ಪುಸ್ತಕ ಬರೆದು, ಇದನ್ನು ಅಪರಾಧ ಅನ್ನಬೇಡಿ ಅಂದಿದ್ದರು. ನಮ್ಮ ಶಾಲೆಯಲ್ಲಿ ಅವರ ಲೆಕ್ಕದ ಕಥೆ ಮಾತ್ರ ಹೇಳಿದರು.

ಇಬ್ಬನಿ, ವಿಜಯಪುರ

ಇಷ್ಟುದ್ದ ಚರ್ಚೆಯಲ್ಲಿ ಗಂಡಸರೇ ಗಂಡಸರು. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳು ಎಲ್ಲಿ? ಏಡ್ಸ್ ಯೋಜನೆಗೆ ನಾವು ಬೇಕಾಗಿರಲಿಲ್ಲ, ನಮ್ಮಿಂದ ರೋಗ ಹರಡಲ್ಲ ಅಂತ. ಹಾಗಾಗಿ ನಮಗೆ ಚಾಪೆಯೂ ಇಲ್ಲ, ಕನ್ನಡಿಯೂ ಇಲ್ಲ. ಮೈದಾನದಲ್ಲಿ ರಾತ್ರಿ ಕೂರೋ ಸ್ವಾತಂತ್ರ್ಯವೇ ಇಲ್ಲದವರಿಗೆ 377 ತೋರಿಸಿ ಹೆದರಿಸೋದು ಯಾರು? ನಮಗೆ ಅಣ್ಣಂದಿರು ಸಾಕು.

ಇಬ್ಬರು ಹುಡುಗಿಯರು ಮನೆ ಬಿಟ್ಟರೆ ಅಪ್ಪ ಠಾಣೆಗೆ ಹೋಗಿ "ಮಗಳು ಕಾಣೆ" ಅಂತಲೋ, "ಅಪಹರಣ" ಅಂತಲೋ ದೂರು ಕೊಡುತ್ತಾರೆ. ಹುಡುಕಿ ತಂದು ಮನೆಗೆ ಒಪ್ಪಿಸುತ್ತಾರೆ. ಆಮೇಲೆ ಡಾಕ್ಟರ್. ನನ್ನ ಗೆಳತಿಯೊಬ್ಬಳನ್ನು ಒಬ್ಬ ವೈದ್ಯರ ಹತ್ತಿರ ಕರೆದೊಯ್ದರು, ನಿದ್ದೆ ಮಾತ್ರೆ ಕೊಟ್ಟು "ಮದುವೆ ಮಾಡಿ" ಅಂದರು. ವಕೀಲ ಸರ್, ಇದಕ್ಕೆ ಕಾನೂನಿನಲ್ಲಿ ಏನಾದರೂ ಇದೆಯಾ?

ಹಳೇ ಕರಿಕೋಟು, ಬೆಳಗಾವಿ

ಇದೆ ತಂಗಿ. ಮದ್ರಾಸ್ ಹೈಕೋರ್ಟಿನಲ್ಲಿ 2021ರಲ್ಲಿ ಇಂಥದ್ದೇ ಕೇಸು, ಇಬ್ಬರು ಹುಡುಗಿಯರು, ಕಾಣೆಯಾದ ದೂರು. ನ್ಯಾಯಮೂರ್ತಿ ಆನಂದ್ ವೆಂಕಟೇಶ್ ತೀರ್ಪು ಬರೆಯೋ ಮೊದಲು ತಾವೇ ಮನಶ್ಶಾಸ್ತ್ರಜ್ಞರ ಹತ್ತಿರ ಕೂತು ವಿಷಯ ತಿಳಿದುಕೊಂಡರು. ನನ್ನ ವೃತ್ತಿಯಲ್ಲಿ ನ್ಯಾಯಾಧೀಶರು ಹಾಗೆ ಮಾಡಿದ್ದನ್ನು ನೋಡಿದ್ದು ಕಡಿಮೆ. ಒಪ್ಪಿ ಬಾಳುವ ವಯಸ್ಕರು ಅಂತ ಗೊತ್ತಾದರೆ ಪೊಲೀಸರು ಕಾಣೆಯಾದ ದೂರನ್ನು ಮುಚ್ಚಬೇಕು ಅಂದರು. "ಸರಿ ಮಾಡ್ತೇವೆ" ಅನ್ನೋ ಚಿಕಿತ್ಸೆ ನಿಲ್ಲಿಸಿ ಅಂದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆ ಕೊಡೋದು ವೃತ್ತಿ ದುರ್ನಡತೆ ಅಂತ ರಾಜ್ಯ ಮಂಡಳಿಗಳಿಗೆ ತಿಳಿಸಿತು. ಭಾರತೀಯ ಮನೋವೈದ್ಯರ ಸಂಘ 2018ರಲ್ಲೇ ಇದು ಕಾಯಿಲೆ ಅಲ್ಲ ಅಂದಿದೆ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ.

ಯಾರನ್ನಾದರೂ ಮನೆಯಲ್ಲಿ ಕೂಡಿಹಾಕಿದ್ದರೆ ಹೇಬಿಯಸ್ ಕಾರ್ಪಸ್, ಅಂದರೆ ಆ ವ್ಯಕ್ತಿಯನ್ನು ಕೋರ್ಟಿಗೆ ಹಾಜರುಪಡಿಸಿ ಅನ್ನೋ ಅರ್ಜಿ, ಹಾಕಬಹುದು. ವಿಜಯಪುರದವರಿಗೆ ಕಲಬುರಗಿ ಪೀಠ, ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅಂಥವರನ್ನು ಕೋರ್ಟಿಗೆ ಕರೆಸಿದಾಗ "ಅಪ್ಪ ಅಮ್ಮನ ಜೊತೆ ಹೋಗು" ಅಂತ ಕೌನ್ಸೆಲಿಂಗ್ ಹೆಸರಿನಲ್ಲಿ ಒತ್ತಾಯ ಮಾಡಬಾರದು, ಅವರ ಇಚ್ಛೆಯನ್ನು ಮಾತ್ರ ಕೇಳಬೇಕು ಅಂತ.

ಕುಂದಾಪ್ರಿಯ, ಬೆಳಗಾವಿ

ಸರ್, 2013ರಿಂದ 2018ಕ್ಕೆ ಹೇಗೆ ತಿರುಗಿತು ಅನ್ನೋದು ಬಿಟ್ಟುಹೋಯ್ತು.

ಹಳೇ ಕರಿಕೋಟು, ಬೆಳಗಾವಿ

ಹೌದಲ್ಲ. ಅಲ್ಲಿ ನಮ್ಮ ಕನ್ನಡಿಗರೊಬ್ಬರು ಬರುತ್ತಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದ್ದರು. ಸಲಿಂಗಿಗಳಿಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ಆ ಅರ್ಜಿಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು, 2013ರ ತೀರ್ಪಿನ ತರ್ಕ ಸರಿಯಿಲ್ಲ ಅಂತಲೂ ಬರೆದರು. ಅಲ್ಲಿಗೆ 377ರ ಕಾಲು ಮುರಿದಿತ್ತು. ನೃತ್ಯಗಾರ ನವತೇಜ್ ಸಿಂಗ್ ಜೋಹರ್ ಮತ್ತಿತರರು 2016ರಲ್ಲಿ ಅರ್ಜಿ ಹಾಕಿದ್ದರು, ಅದೇ ವರ್ಷ ನಮ್ಮ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರೂ ಹಾಕಿದ್ದರು. 2018ರ ತೀರ್ಪಿನಲ್ಲಿ ಐವರೂ ನ್ಯಾಯಮೂರ್ತಿಗಳು ಒಮ್ಮತದಲ್ಲಿದ್ದರು.

ಮದುವೆ ವಿಷಯ ಬೇರೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಮದುವೆಯ ಹಕ್ಕು ಕೊಡಲಿಲ್ಲ, ಅದು ಸಂಸತ್ತಿನ ಕೆಲಸ ಅಂತು. 2025ರ ಜನವರಿಯಲ್ಲಿ ಮರುಪರಿಶೀಲನೆ ಅರ್ಜಿಗಳೂ ವಜಾ ಆದವು.

ಶೇಂಗಾ ಹೋಳಿಗೆ, ಅಥಣಿ

ಅದು ಸರಿ ಅಂತಲೇ ನನ್ನ ಅಭಿಪ್ರಾಯ, ಈಗಲೂ. ಆದರೆ ವಾಚು ಕಿತ್ತುಕೊಂಡವನನ್ನು ಹಿಡಿದು ಒದೆಯಬೇಕಿತ್ತು.

ಘಟಪ್ರಭಾ ದಂಡೆ, ಬಾಗಲಕೋಟೆ

ಒಂದು ಬಿಟ್ಟುಹೋಗಿತ್ತು. ಆವಾಹನ್‌ನ ದುಡ್ಡು ನಿಂತು ಕೆಲಸ ಸರ್ಕಾರದ ಕೈಗೆ ಹೋದ ಮೇಲೆ ನಮ್ಮ ಆ ಕೋಣೆ ಮುಚ್ಚಿತು. ಎಚ್‌ಐವಿ ಪರೀಕ್ಷೆ, ಎಆರ್‌ಟಿ ಮಾತ್ರೆ ಉಳಿಯಿತು, ಅದು ದೊಡ್ಡದೇ. ಆದರೆ ಭಾನುವಾರ ಸೇರುತ್ತಿದ್ದವರು ಚದುರಿದರು. 377 ಹೋದ ದಿನ ನಾನು ಹಳೇ ನಂಬರುಗಳಿಗೆ ಫೋನ್ ಮಾಡಿದೆ, ಬಹಳಷ್ಟು ಸ್ವಿಚ್ ಆಫ್. ಎತ್ತಿದ ಒಬ್ಬ "ಯಾವ ಕೇಸು ಅಕ್ಕಾ?" ಅಂದ. ತಮ್ಮಾ, ನಮ್ಮ ಕಡೆಯ ಇತಿಹಾಸ ಕೇಳಿದೆಯಲ್ಲ, ಅದರಲ್ಲಿ ಇದನ್ನೂ ಬರೆದುಕೋ. ಗೆದ್ದ ಸುದ್ದಿ ಮುಟ್ಟಿಸೋಕೆ ಇಲ್ಲಿ ಯಾರೂ ಉಳಿದಿರಲಿಲ್ಲ.

ಗುಮ್ಮಟದ ಹಿಂದೆ, ವಿಜಯಪುರ

ವಕೀಲ ಸರ, ನಾಚಿಕೆ ಬಿಟ್ಟು ಕೇಳ್ತೇನೆ. ಬಹಳ ವರ್ಷದಿಂದ ಒಬ್ಬರ ಜೊತೆ ಇದ್ದೇನೆ. ಊರಿಗೆ ನಾವು ಪಾಲುದಾರರು, ಅಂಗಡಿಯೂ ಒಟ್ಟಿಗೆ ಇದೆ. ಮದುವೆ ಇಲ್ಲ ಅಂತಾಯ್ತು. ನಾಳೆ ನನಗೇನಾದರೂ ಆದರೆ ಅಣ್ಣನ ಮಕ್ಕಳು ಬಂದು ಅವರನ್ನು ಹೊರಗೆ ಹಾಕುತ್ತಾರೆ. ಈಗಿನ ಕಾನೂನಿನಲ್ಲಿ ಏನು ಮಾಡಬಹುದು?

ಹಳೇ ಕರಿಕೋಟು, ಬೆಳಗಾವಿ

ನಾಚಿಕೆ ಯಾಕೆ? ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಿರಿ, ಅವರನ್ನು ನಾಮಿನಿ ಮಾಡಿ. 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಇದಕ್ಕೆ ಅಡ್ಡಿ ಇಲ್ಲ ಅಂತ ಸ್ಪಷ್ಟ ಮಾಡಿದೆ. ರೇಷನ್ ಕಾರ್ಡಿನಲ್ಲಿ ಸಂಗಾತಿಗಳನ್ನು ಒಂದೇ ಕುಟುಂಬ ಅಂತ ಪರಿಗಣಿಸಿ ಅಂತಲೂ ಕೇಂದ್ರ ರಾಜ್ಯಗಳಿಗೆ ಬರೆದಿದೆ. ಹತ್ತಿರದ ಬಂಧುಗಳು ಸಿಗದಿದ್ದರೆ ಸಂಗಾತಿಗೆ ಶವ ಒಪ್ಪಿಸುವ ಬಗ್ಗೆ ಆರೋಗ್ಯ ಸಚಿವಾಲಯದ ಪತ್ರ ಇದೆ. ಕೌಂಟರಿನಲ್ಲಿ ಕೂತವರಿಗೆ ಗೊತ್ತಿರಲ್ಲ, ಪ್ರತಿ ತೆಗೆದುಕೊಂಡು ಹೋಗಿ.

ಆದರೆ ನಾಮಿನಿ ಅಂದರೆ ಮಾಲೀಕ ಅಲ್ಲ. ಹಣ ಪಡೆಯೋ ಅಧಿಕಾರ ಅಷ್ಟೇ, ವಾರಸುದಾರರು ಆಮೇಲೆ ಕೇಳಬಹುದು. ಅದಕ್ಕೆ ಉಯಿಲು ಬರೆಯಲೇಬೇಕು. ನೀವು ದುಡಿದ ಆಸ್ತಿಯನ್ನು ಯಾರ ಹೆಸರಿಗೆ ಬೇಕಾದರೂ ಬರೆಯಬಹುದು, ಸಂಬಂಧ ಏನು ಅಂತ ಕೇಳುವ ಹಾಗಿಲ್ಲ. ಪಿತ್ರಾರ್ಜಿತ ಇದ್ದರೆ ನಿಮ್ಮ ಪಾಲು ಮಾತ್ರ. ಇಬ್ಬರು ಸಾಕ್ಷಿ ಬೇಕು. ಆಸ್ತಿ ಪಡೆಯುವವರೇ ಸಾಕ್ಷಿ ಹಾಕೋದು ಬೇಡ. ನೋಂದಣಿ ಕಡ್ಡಾಯ ಅಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ, ಅಣ್ಣನ ಮಕ್ಕಳು ತಕರಾರು ತೆಗೆದರೆ ಉಪಯೋಗಕ್ಕೆ ಬರುತ್ತೆ. ಅಂಗಡಿಗೆ ಪಾಲುದಾರಿಕೆ ಪತ್ರ ಇದೆಯಾ? ಇಲ್ಲದಿದ್ದರೆ ಅದನ್ನು ಮೊದಲು ಮಾಡಿ.

ಗುಮ್ಮಟದ ಹಿಂದೆ, ವಿಜಯಪುರ

ಪಾಲುದಾರಿಕೆ ಪತ್ರ ಇದೆ ಸರ. ಉಯಿಲಿಗೆ ಸಾಕ್ಷಿ ಯಾರನ್ನು ಕರೆಯೋದು ಅಂತ ಯೋಚನೆ. ಓದಿದರೆ ಗೊತ್ತಾಗಿಬಿಡುತ್ತಲ್ಲ.

ಹಳೇ ಕರಿಕೋಟು, ಬೆಳಗಾವಿ

ಸಾಕ್ಷಿಗೆ ಒಳಗಿನ ವಿಷಯ ಓದಿಸಬೇಕಾಗಿಲ್ಲ. ನೀವು ಸಹಿ ಮಾಡಿದ್ದನ್ನು ಅವರು ನೋಡಿದರೆ ಸಾಕು. ನಿಮಗಿಂತ ಚಿಕ್ಕ ವಯಸ್ಸಿನವರಾದರೆ ಒಳ್ಳೆಯದು, ಮುಂದೆ ಕೋರ್ಟಿಗೆ ಬರಬೇಕಾಗಬಹುದು.

ಘಟಪ್ರಭಾ ದಂಡೆ, ಬಾಗಲಕೋಟೆ

ಒಂದು ಸಾಕ್ಷಿ ನಾನು ಹಾಕ್ತೇನೆ. ನಿಮಗಿಂತ ಚಿಕ್ಕವಳೇ ಇರಬೇಕು. ಬಾಗಲಕೋಟೆಯಿಂದ ಬಸ್ಸಿದೆ, ಆಧಾರ್ ಕಾರ್ಡ್ ತರ್ತೇನೆ. ಇನ್ನೊಬ್ಬರನ್ನು ಹುಡುಕಿ.